ಇಂದಿನ ಧಮ್ಮ ಚಿಂತನೆ: ಭೀವಾನಿಗಾಗಿ ಎಚ್ಚರವಿದ್ದವರು



ಧಮ್ಮಬಂಧುಗಳೇ, ಇವತ್ತು ನವೆಂಬರ್ 7. ಸೊಲ್ಲಾಪುರದ ಕಡೆ ಬೀಗರು ಇರುವ ಆಳಂದದವರ ಫೋನಿಗೆ ಬೆಳಿಗ್ಗೆಯಿಂದಲೇ ವಿದ್ಯಾರ್ಥಿ ದಿನದ ಶುಭಾಶಯಗಳು ಬಂದಿರಬೇಕು. 1900ನೇ ಇಸವಿಯ ಇದೇ ದಿನ ಸಾತಾರಾದ ಸರ್ಕಾರಿ ಹೈಸ್ಕೂಲಿನ ದಾಖಲಾತಿ ಪುಸ್ತಕದಲ್ಲಿ 1914ನೇ ನಂಬರಿನ ಮುಂದೆ ಭೀವಾ ರಾಮಜಿ ಅಂಬೇಡ್ಕರ್ ಎಂಬ ಹೆಸರು ಬಿತ್ತು. ಆಗ ಆ ಹುಡುಗನಿಗೆ ಒಂಬತ್ತು ವರ್ಷ. ಆ ಪುಸ್ತಕ ಇಂದಿಗೂ ಅಲ್ಲಿ ಜೋಪಾನವಾಗಿದೆ. 2017ರಿಂದ ಮಹಾರಾಷ್ಟ್ರದಲ್ಲಿ ಈ ದಿನವನ್ನು ವಿದ್ಯಾರ್ಥಿ ದಿನವೆಂದು ಆಚರಿಸುತ್ತಾರೆ.

ಹೆಸರು ಬರೆಸಿದ ದಿನವನ್ನು ನಾವು ಆಚರಿಸುತ್ತೇವೆ. ಅದರ ಮಾರನೆಯ ದಿನದಿಂದ ಆ ಮಗು ಶಾಲೆಯಲ್ಲಿ ಏನೇನು ಉಂಡಿತು ಎಂಬುದನ್ನು ಇವತ್ತು ಸ್ವಲ್ಪ ಬರೆಯೋಣ ಅನ್ನಿಸಿತು. ಅದಕ್ಕೆ ಕಾರಣವಿದೆ.

ಹೋದ ವಾರ ಅಫಜಲಪುರ ತಾಲೂಕಿನ ನಮ್ಮ ಒಬ್ಬ ಉಪಾಸಿಕೆ ನನಗೆ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡಿದ್ದರು. ಐದನೇ ಇಯತ್ತೆ ಓದುವ ಮಗ ಶಾಲೆಗೆ ಹೋಗಲು ಒಲ್ಲೆ ಅನ್ನುತ್ತಿದ್ದಾನೆ. ಹುಡುಗರು ಅವನಿಗೊಂದು ಅಡ್ಡಹೆಸರು ಇಟ್ಟಿದ್ದಾರೆ, ಪುಸ್ತಕ ಅಡಗಿಸುತ್ತಾರೆ, ಆಟಕ್ಕೆ ಸೇರಿಸುವುದಿಲ್ಲ. ದಿನಾ ರಾತ್ರಿ ಮಲಗುವ ಮುಂಚೆ ಮಗನ ಕೈಯಲ್ಲಿ ಆ ಹುಡುಗರಿಗಾಗಿ ಮೈತ್ರಿ ಭಾವನೆ ಮಾಡಿಸುತ್ತಿದ್ದೇನೆ, ಇಷ್ಟು ಸಾಕೇ ಸರ್ ಎಂದು ಕೇಳಿದ್ದರು. ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ.

ಆ ರಾತ್ರಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಯಾಕೆಂದರೆ ಎಂಟು ವರ್ಷದ ಹಿಂದೆ ಇದೇ ಪ್ರಶ್ನೆ ನನ್ನ ಮನೆಯಲ್ಲೇ ಇತ್ತು. ನಾನು ಅದಕ್ಕೆ ತಪ್ಪು ಉತ್ತರ ಕೊಟ್ಟಿದ್ದೆ.

ನಮ್ಮ ಮನೆ ಆಳಂದದಲ್ಲಿ. ನನ್ನ ಮೇಷ್ಟರಿಕೆ ಆಗ ಜೇವರ್ಗಿ ತಾಲೂಕಿನ ಒಂದು ಹಳ್ಳಿಯಲ್ಲಿ. ದಿನಾ ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಬಸ್ ಬದಲಿಸಿ ಓಡಾಡುವುದು ಆಗದ ಮಾತು. ಹಾಗಾಗಿ ಜೇವರ್ಗಿಯಲ್ಲಿ ಒಂದು ರೂಮು ಹಿಡಿದಿದ್ದೆ. ಶನಿವಾರ ಮಧ್ಯಾಹ್ನ ಮನೆಗೆ, ಸೋಮವಾರ ನಸುಕಿಗೆ ವಾಪಸ್. ಮಗಳು ಆರನೇ ತರಗತಿ. ಪ್ರತಿ ಸೋಮವಾರ ನಾನು ಚೀಲ ಹಿಡಿದು ಹೊರಡುವ ಹೊತ್ತಿಗೆ ಸರಿಯಾಗಿ ಅವಳಿಗೆ ಹೊಟ್ಟೆನೋವು. ಅಪ್ಪ ಹೋಗುವುದು ಅವಳಿಗೆ ಸೇರುವುದಿಲ್ಲ ಎಂದುಕೊಂಡು ಒಳಗೊಳಗೆ ಸಂತೋಷವನ್ನೂ ಪಟ್ಟಿದ್ದೆ. ನೋಡಿ, ಮನುಷ್ಯ ತನಗೆ ಬೇಕಾದ ಅರ್ಥವನ್ನು ಹೇಗೆ ಹುಡುಕಿಕೊಳ್ಳುತ್ತಾನೆ.

ಕೊನೆಗೆ ಅವಳ ಅವ್ವನಿಗೆ ಗೊತ್ತಾಯಿತು. ಮಗಳು ಶಾಲೆಯಲ್ಲಿ ಇಡೀ ದಿನ ನೀರು ಕುಡಿಯುತ್ತಿರಲಿಲ್ಲ. ಅವಳ ನೀರಿನ ಬಾಟಲಿ ಬೆಂಚಿನ ಮೇಲಿದ್ದರೆ ನಾಲ್ಕು ಹುಡುಗಿಯರು ಅದನ್ನು ಕೈಯಿಂದ ಮುಟ್ಟದೆ ಸ್ಕೇಲಿನಿಂದ ತಳ್ಳಿ ಕೆಳಗೆ ಬೀಳಿಸುತ್ತಿದ್ದರು. ಕೆಳಗೆ ಬಿದ್ದದ್ದನ್ನು ಕಾಲಿನಿಂದ ಸರಿಸಿ ಆಡುತ್ತಿದ್ದರು. ಅದಕ್ಕೆ ಇವಳು ಬಾಟಲಿ ಒಯ್ಯುವುದನ್ನೇ ಬಿಟ್ಟಿದ್ದಳು.

ಆ ಭಾನುವಾರ ನಾನು ಮಗಳನ್ನು ಕೂರಿಸಿಕೊಂಡು ಕ್ಷಾಂತಿ ಪಾರಮಿತೆಯ ಬಗ್ಗೆ ಮುಕ್ಕಾಲು ತಾಸು ಪಾಠ ಮಾಡಿದೆ. ಸಹನೆ ದೊಡ್ಡ ಗುಣ, ದ್ವೇಷಕ್ಕೆ ದ್ವೇಷ ಮದ್ದಲ್ಲ, ಬಾಬಾಸಾಹೇಬರು ಇದಕ್ಕಿಂತ ಹೆಚ್ಚು ಸಹಿಸಿದರು, ನೀನೂ ಓದಿ ತೋರಿಸು ಎಂದೆ. ಅವಳು ತಲೆ ಆಡಿಸಿದಳು. ಸೋಮವಾರ ನಾನು ಬಸ್ ಹತ್ತಿದೆ. ಆಮೇಲೆ ಎರಡು ತಿಂಗಳು ಅವಳು ನನಗೆ ಏನನ್ನೂ ಹೇಳಲಿಲ್ಲ. ಸರಿಹೋಗಿದೆ ಎಂದುಕೊಂಡೆ. ಸರಿಹೋಗಿದ್ದಲ್ಲ, ನನಗೆ ಹೇಳಿ ಉಪಯೋಗವಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು.

ಬಾಬಾಸಾಹೇಬರು ಸಹಿಸಿದರು ಎಂದು ಅಷ್ಟು ಸಲೀಸಾಗಿ ಹೇಳಿದ್ದೆನಲ್ಲ, ಅವರ ಬಾಲ್ಯವನ್ನು ಸರಿಯಾಗಿ ಓದಿದ್ದು ಅದಾದ ಮೇಲೆ. ಜೇವರ್ಗಿಯ ಆ ರೂಮಿನಲ್ಲಿ, ಒಬ್ಬನೇ, ರಾತ್ರಿ. ನಾನು ಓದಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಭೀವಾನ ಅಪ್ಪ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರ. ಸೈನ್ಯದ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದ ಮೇಷ್ಟ್ರು. 1891ರ ಏಪ್ರಿಲ್ 14ರಂದು ಮಹೂ ದಂಡುಪ್ರದೇಶದಲ್ಲಿ ಹುಟ್ಟಿದ ಭೀವಾ ಅವರ ಹದಿನಾಲ್ಕನೆಯ ಮಗು. ನಿವೃತ್ತಿಯ ನಂತರ ರಾಮಜಿ ಕೊಂಕಣದ ದಾಪೋಲಿಗೆ ಹೋಗಿ, ಅಲ್ಲಿಂದ ಸಾತಾರಾಕ್ಕೆ ಬಂದರು. ಸಾತಾರಾದಲ್ಲಿ ತಾಯಿ ಭೀಮಾಬಾಯಿ ತೀರಿಕೊಂಡರು. ಮಗುವಿಗೆ ಆಗಿನ್ನೂ ಆರು ತುಂಬಿತ್ತೋ ಇಲ್ಲವೋ. ಅಪ್ಪನ ಅಕ್ಕ ಮೀರಾಬಾಯಿ, ಬೆನ್ನು ಬಾಗಿದ ಹೆಣ್ಣುಮಗಳು, ಮಕ್ಕಳನ್ನು ಎತ್ತಿಕೊಂಡಳು.

ಶಾಲೆಯಲ್ಲಿ ಹುಡುಗರು ಓದಿನಲ್ಲಿ ಪಡೆದ ಸ್ಥಾನದ ಪ್ರಕಾರ ಸಾಲಾಗಿ ಕೂರುವ ಪದ್ಧತಿ. ಭೀವಾನಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಅವನ ಸ್ಥಾನ ಎಷ್ಟೇ ಇರಲಿ, ಮೂಲೆಯಲ್ಲಿ ಒಬ್ಬನೇ ಕೂರಬೇಕು. ಕೂರಲು ಒಂದು ಗೋಣಿತಟ್ಟು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಸಂಜೆ ಅದನ್ನು ಮಡಚಿ ಮನೆಗೆ ಒಯ್ಯಬೇಕು, ಬೆಳಿಗ್ಗೆ ಮತ್ತೆ ತರಬೇಕು. ನಾವು ಈ ಗೋಣಿತಟ್ಟಿನ ಮಾತನ್ನು ಪ್ರತಿ ಏಪ್ರಿಲ್ 14ರ ಭಾಷಣದಲ್ಲಿ ಕೇಳುತ್ತೇವೆ. ಕೇಳಿ ಕೇಳಿ ಸವೆದುಹೋಗಿದೆ. ಒಮ್ಮೆ ನಿಮ್ಮ ಮಗು ಬೆಳಿಗ್ಗೆ ಪಾಟಿಚೀಲದ ಜೊತೆ ಕಂಕುಳಲ್ಲಿ ಒಂದು ಗೋಣಿತಟ್ಟು ಇಟ್ಟುಕೊಂಡು ಓಣಿ ದಾಟುವುದನ್ನು ನೆನೆಸಿಕೊಳ್ಳಿ. ದಾರಿಯಲ್ಲಿ ನೋಡಿದವರಿಗೆಲ್ಲ ಆ ತಟ್ಟು ಏನೆಂದು ಗೊತ್ತು.

ನೀರಿನ ಕತೆ ಇನ್ನೊಂದು. ಉಳಿದ ಹುಡುಗರು ಬಾಯಾರಿದರೆ ಮೇಷ್ಟರಿಗೆ ಕೇಳಿ ನಲ್ಲಿಗೆ ಹೋಗಿ ಕುಡಿದು ಬರುತ್ತಿದ್ದರು. ಭೀವಾ ನಲ್ಲಿ ಮುಟ್ಟುವಂತಿಲ್ಲ. ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ. ಇದನ್ನು ಓದುವಾಗ ನನಗೆ ನನ್ನ ಮಗಳ ಬಾಟಲಿ ನೆನಪಾಯಿತು. ನೂರು ವರ್ಷದ ಮೇಲಾಗಿದೆ. ಜವಾನನಿಲ್ಲ, ನಿಯಮವಿಲ್ಲ. ಆದರೂ ಮಗು ಬಾಯಾರಿಕೊಂಡೇ ಮನೆಗೆ ಬರುತ್ತದೆ.

ಕ್ಷೌರಿಕ ಮುಟ್ಟುವುದಿಲ್ಲವೆಂದು ಮನೆಯಲ್ಲಿ ಅಕ್ಕನೇ ತಮ್ಮಂದಿರ ಕೂದಲು ಕತ್ತರಿಸುತ್ತಿದ್ದಳು. ಮಾಡಿ ಮಾಡಿ ಅದರಲ್ಲಿ ಪಳಗಿದ್ದಳಂತೆ. ಬಾಬಾಸಾಹೇಬರು ದೊಡ್ಡವರಾದ ಮೇಲೆ ಬರೆದಿಟ್ಟ ನೆನಪುಗಳಲ್ಲಿ ಇದನ್ನೆಲ್ಲ ಯಾವ ಆರ್ಭಟವೂ ಇಲ್ಲದೆ ಹೇಳಿಕೊಂಡಿದ್ದಾರೆ. ಅಲ್ಲಿ ಎಲ್ಲಕ್ಕಿಂತ ಉದ್ದವಾಗಿ ಬರುವುದು ಒಂದು ಬೇಸಿಗೆ ಪ್ರಯಾಣದ ಕತೆ.

ಅದು 1901. ರಾಮಜಿಗೆ ಆಗ ಗೋರೆಗಾಂವ್ ಎಂಬಲ್ಲಿ ಖಜಾಂಚಿ ಕೆಲಸ. ಬರಗಾಲದ ಜನರಿಗೆ ಕೂಲಿ ಕೊಡಲು ಸರ್ಕಾರ ಅಲ್ಲಿ ಕೆರೆ ತೋಡಿಸುತ್ತಿತ್ತು. ಮಕ್ಕಳು ಸಾತಾರಾದಲ್ಲಿ, ಅಪ್ಪ ಕೆಲಸದ ಊರಿನಲ್ಲಿ. ಈ ಸಾಲು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಬೇಸಿಗೆ ರಜೆಗೆ ಬನ್ನಿ ಎಂದು ಅಪ್ಪ ಕಾಗದ ಬರೆದರು. ಭೀವಾ, ಅವನ ಅಣ್ಣ, ತೀರಿಹೋದ ಅಕ್ಕನ ಮಕ್ಕಳಿಬ್ಬರು. ಹೊಸ ಅಂಗಿ, ಕಸೂತಿ ಟೋಪಿ, ಹೊಸ ಬೂಟು, ರೇಷ್ಮೆ ಅಂಚಿನ ಧೋತರ. ಮೊದಲ ರೈಲು ಪ್ರಯಾಣ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಮಕ್ಕಳು ಬರುವ ದಿನ ತಿಳಿಸಿ ಬರೆದ ಪತ್ರವನ್ನು ಜವಾನ ಅಪ್ಪನಿಗೆ ಮುಟ್ಟಿಸಿರಲೇ ಇಲ್ಲ. ಚೆಂದ ಬಟ್ಟೆ ತೊಟ್ಟ ಮಕ್ಕಳನ್ನು ಕಂಡು ಸ್ಟೇಷನ್ ಮಾಸ್ತರರು ಹತ್ತಿರ ಬಂದು ವಿಚಾರಿಸಿದರು. ಮಹಾರ ಮಕ್ಕಳು ಎಂದು ಗೊತ್ತಾದದ್ದೇ ತಡ, ಅವರ ಮುಖ ಬದಲಾಯಿತು. ಯಾವ ಗಾಡಿಯವನೂ ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಗಾಡಿ ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ.

ಬುತ್ತಿ ತುಂಬ ಇತ್ತು. ಕುಡಿಯಲು ನೀರು ಸಿಗಲಿಲ್ಲ. ಇಡೀ ರಾತ್ರಿ. ಸುಂಕದ ಕಟ್ಟೆಯಲ್ಲಿ ತಾವು ಮುಸಲ್ಮಾನರೆಂದು ಹೇಳಿಕೊಂಡು ಉರ್ದುವಿನಲ್ಲಿ ನೀರು ಕೇಳಿದರು. ಅಲ್ಲಿಯೂ ಸಿಗಲಿಲ್ಲ. ಗಾಡಿಯ ಕೆಳಗೆ ಬುತ್ತಿ, ಒಣಗಿದ ಗಂಟಲು, ಯಾರಾದರೂ ಬಂದು ಹೊಡೆದಾರು ಎಂಬ ಭಯ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಗೋರೆಗಾಂವ್ ಮುಟ್ಟಿದಾಗ ಅಪ್ಪನಿಗೆ ಆಶ್ಚರ್ಯ, ಗಾಬರಿ. ಮಕ್ಕಳು ಬರುವ ಸುದ್ದಿಯೇ ಅವರಿಗೆ ತಿಳಿದಿರಲಿಲ್ಲ.

ಧಮ್ಮಬಂಧುಗಳೇ, ರಾಮಜಿ ಒಳ್ಳೆಯ ಅಪ್ಪ. ಅದರಲ್ಲಿ ಅನುಮಾನವಿಲ್ಲ. ಆದರೆ ಪತ್ರ ಮುಟ್ಟಿರಲಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಆಗುವುದು ಇದೇ. ಮಗು ಪತ್ರ ಕಳಿಸಿರುತ್ತದೆ. ಹೊಟ್ಟೆನೋವಾಗಿ, ತಿನ್ನದೆ ಬಂದ ಡಬ್ಬಿಯಾಗಿ, ಹರಿದ ಗುಂಡಿಯಾಗಿ, ಭಾನುವಾರ ಸಂಜೆಯ ಸಿಡುಕಾಗಿ. ಅದು ನಮಗೆ ಮುಟ್ಟಿರುವುದಿಲ್ಲ. ಮುಂಬಯಿ, ಪುಣೆಗೆ ದುಡಿಯಲು ಹೋಗಿ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟವರಿಗೆ ಇನ್ನೂ ಕಷ್ಟ. ಅಲ್ಲಿಂದ ತಿರುಗಿ ಬಂದ ಮಕ್ಕಳ ಮರಾಠಿ ಬೆರೆತ ಮಾತಿಗೆ ಇಲ್ಲಿ ಹುಡುಗರು ನಗುತ್ತಾರೆ. ನನ್ನ ಕ್ಲಾಸಿನಲ್ಲೇ ನೋಡಿದ್ದೇನೆ.

ಸಹಿಸಿದರು ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಒಂದು ಹಂತದಲ್ಲಿ ಭೀವಾ ಓಡಿಹೋಗಲು ಸಿದ್ಧನಾಗಿದ್ದ. ಅಪ್ಪ ಮರುಮದುವೆಯಾಗಿದ್ದರು, ಮನೆಯಲ್ಲಿ ಮನಸ್ಸು ಮುರಿದಿತ್ತು. ಸಾತಾರಾದ ಹುಡುಗರು ಮುಂಬಯಿ ಗಿರಣಿಗಳಲ್ಲಿ ಕೆಲಸಕ್ಕೆ ಸೇರುವ ಸುದ್ದಿ ಕೇಳಿದ್ದ. ರೈಲು ಚಾರ್ಜಿಗೆ ದುಡ್ಡು ಬೇಕು. ರಾತ್ರಿ ಮೀರಾ ಅತ್ತೆಯ ಪಕ್ಕದಲ್ಲಿ ಮಲಗುತ್ತಿದ್ದವನು, ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡ ಚೀಲ ಕದಿಯಲು ಮೂರು ರಾತ್ರಿ ಪ್ರಯತ್ನಿಸಿದ. ನಾಲ್ಕನೆಯ ರಾತ್ರಿ ಕೈಗೆ ಬಂತು. ತೆರೆದು ನೋಡಿದರೆ ಒಳಗೆ ಅರ್ಧ ಆಣೆ. ತಾಯಿಯಂತೆ ಸಾಕಿದವಳ ಬಳಿ ಇದ್ದದ್ದೇ ಅಷ್ಟು. ಆ ಅರ್ಧ ಆಣೆ ಅವನನ್ನು ನಾಚಿಸಿತು. ಓದಿಯೇ ತೀರುತ್ತೇನೆ ಎಂಬ ಹಟ ಅಲ್ಲಿಂದ ಶುರುವಾಯಿತು ಎಂದು ಅವರ ಜೀವನಚರಿತ್ರೆ ಬರೆದ ಧನಂಜಯ ಕೀರ್ ಹೇಳುತ್ತಾರೆ.

ಆ ಚೀಲದಲ್ಲಿ ಎರಡು ರೂಪಾಯಿ ಇದ್ದಿದ್ದರೆ? ನಾನು ಬಹಳ ಸಲ ಯೋಚಿಸಿದ್ದೇನೆ. ನಮ್ಮ ಸಂವಿಧಾನ ಅರ್ಧ ಆಣೆಯ ಮೇಲೆ ನಿಂತಿದೆ ಎಂದು ಒಮ್ಮೆ ಕ್ಲಾಸಿನಲ್ಲಿ ಹೇಳಿ ಹುಡುಗರನ್ನು ನಗಿಸಿದ್ದೆ. ಈಗ ಹಾಗೆ ಹೇಳುವುದಿಲ್ಲ. ಓಡಿಹೋದ ಇನ್ನೆಷ್ಟು ಭೀವಾಗಳು ಗಿರಣಿಯ ಹೊಗೆಯಲ್ಲಿ ಕಳೆದುಹೋದರೋ, ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಇನ್ನು ಅವನ ಪಕ್ಕ ನಿಂತವರು. ಸಾತಾರಾದಲ್ಲಿ ಪೆಂಡ್ಸೆ ಎಂಬ ಮೇಷ್ಟ್ರು. ಒಂದು ದಿನ ಮಳೆಯಲ್ಲಿ ತೊಪ್ಪೆಯಾಗಿ ಬಂದ ಭೀವಾನನ್ನು ನೋಡಿ ಸ್ವಂತ ಮಗನ ಜೊತೆ ತಮ್ಮ ಮನೆಗೆ ಕಳಿಸಿ, ಬಿಸಿನೀರು ಕೊಡಿಸಿ, ಒಣಬಟ್ಟೆ ಉಡಿಸಿದರು. ಇನ್ನೊಬ್ಬ ಮೇಷ್ಟ್ರು ಮಧ್ಯಾಹ್ನದ ಬಿಡುವಿನಲ್ಲಿ ತಮ್ಮ ಬುತ್ತಿಯ ಅನ್ನ, ರೊಟ್ಟಿ, ಪಲ್ಯವನ್ನು ದಿನಾ ಅವನಿಗೆ ಕೊಡುತ್ತಿದ್ದರು. ಅಂಬಾವಡೇಕರ್ ಎಂದಿದ್ದ ಹೆಸರು ಅಂಬೇಡ್ಕರ್ ಆದದ್ದು ಇವರ ಮನೆತನದ ಹೆಸರಿನಿಂದಲೇ ಎಂದು ಕೀರ್ ಬರೆಯುತ್ತಾರೆ. ಮುಂದೆ ಬಾಬಾಸಾಹೇಬರು ದುಂಡುಮೇಜಿನ ಪರಿಷತ್ತಿಗೆ ಹೊರಟಾಗ ಈ ಗುರುಗಳು ಬರೆದ ಪ್ರೀತಿಯ ಪತ್ರವನ್ನು ಅವರು ಜೋಪಾನ ಮಾಡಿದ್ದರು.

ಆದರೆ ಇಲ್ಲೊಂದು ಮಾತು ನನ್ನನ್ನು ಕಾಡುತ್ತದೆ. ಬುತ್ತಿ ಕೊಟ್ಟರು, ಬಿಸಿನೀರು ಕೊಟ್ಟರು. ಗೋಣಿತಟ್ಟು ಮಾತ್ರ ಮೂಲೆಯಲ್ಲೇ ಉಳಿಯಿತು. ನಲ್ಲಿ ತಿರುಗಿಸಲು ಜವಾನ ಬರಲೇಬೇಕಿತ್ತು. ಆ ಮೇಷ್ಟ್ರುಗಳನ್ನು ನಾನು ಹಗುರ ಮಾಡುತ್ತಿಲ್ಲ. ಆ ಕಾಲದಲ್ಲಿ ಅಷ್ಟು ಮಾಡಿದವರು ಎಷ್ಟು ಜನ? ಆ ಮಗುವಿಗೆ ಅದು ಜೀವ ಉಳಿಸಿದ ಪ್ರೀತಿ. ಆದರೆ ನಾನೂ ಮೇಷ್ಟ್ರು. ನನ್ನ ಕ್ಲಾಸಿನ ಒಂಟಿ ಹುಡುಗನಿಗೆ ಚಾಕಲೇಟು ಕೊಟ್ಟು, ಹೆಗಲು ತಟ್ಟಿ, ನನ್ನ ಕರ್ತವ್ಯ ಮುಗಿಯಿತೆಂದು ಎಷ್ಟೋ ಸಲ ಸ್ಟಾಫ್ ರೂಮಿಗೆ ಹೋಗಿ ಕೂತಿದ್ದೇನೆ. ಅವನ ಬೆಂಚು ಬದಲಿಸಿರಲಿಲ್ಲ.

ಮುಂಬಯಿಗೆ ಬಂದ ಮೇಲೂ ಹಾಗೆಯೇ. ಎಲ್ಫಿನ್‌ಸ್ಟನ್ ಹೈಸ್ಕೂಲು, ಸರ್ಕಾರದ ಹೆಸರಾಂತ ಶಾಲೆ. ಒಂದು ದಿನ ಲೆಕ್ಕ ಬಿಡಿಸಲು ಮೇಷ್ಟ್ರು ಭೀಮರಾವ್‌ನನ್ನು ಬೋರ್ಡಿಗೆ ಕರೆದರು. ಬೋರ್ಡಿನ ಹಿಂದೆ ಹುಡುಗರ ಊಟದ ಡಬ್ಬಿಗಳಿದ್ದವು. ಇವನು ಎದ್ದದ್ದೇ ತಡ ಗದ್ದಲವೆದ್ದಿತು. ಇವನ ನೆರಳು ಬೀಳುವ ಮೊದಲು ಡಬ್ಬಿ ತೆಗೆದುಕೊಳ್ಳಲು ಎಲ್ಲರೂ ನುಗ್ಗಿದರು. ಡಬ್ಬಿಗಳೆಲ್ಲ ಆಚೆ ಹೋದ ಮೇಲೆ ಇವನು ಬೋರ್ಡ್ ಮುಟ್ಟಿದ, ಲೆಕ್ಕ ಬಿಡಿಸಿದ. ಸಂಸ್ಕೃತ ಕಲಿಯಬೇಕೆಂದರೆ ಕಲಿಸಲಿಲ್ಲ, ಪಾರ್ಸಿ ತೆಗೆದುಕೊಳ್ಳಬೇಕಾಯಿತು.

ಆಗ ಮನೆಯೆಂದರೆ ಪರೇಲಿನ ಚಾಳಿನಲ್ಲಿ ಒಂದೇ ಕೋಣೆ. ಅಡುಗೆ, ಸೌದೆ, ಜನ, ಎಲ್ಲವೂ ಅದರಲ್ಲೇ. ರಾಮಜಿ ಮಗನನ್ನು ಸಂಜೆಯೇ ಮಲಗಲು ಹೇಳಿ ತಾವು ಎದ್ದು ಕೂರುತ್ತಿದ್ದರು. ರಾತ್ರಿ ಎರಡು ಗಂಟೆಗೆ ಮಗನನ್ನು ಎಬ್ಬಿಸಿ, ದೀಪ ಕೊಟ್ಟು, ಅವನು ಮಲಗಿದ್ದ ಜಾಗದಲ್ಲಿ ತಾವು ಮಲಗುತ್ತಿದ್ದರು. ಇಬ್ಬರಿಗೆ ಒಟ್ಟಿಗೆ ಅಲ್ಲಿ ಜಾಗವಿರಲಿಲ್ಲ. ಪಾಠದ ಪುಸ್ತಕವಲ್ಲದೆ ಬೇರೆ ಪುಸ್ತಕ ಬೇಕೆಂದು ಮಗ ಕೇಳಿದರೆ, ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಸಾಲ ಕೇಳುವರು. ದುಡ್ಡಿಲ್ಲವೆಂದರೆ ಮಗಳ ಒಡವೆ ಪಡೆದು ಗಿರವಿ ಇಟ್ಟು ಪುಸ್ತಕ ತರುವರು. ಪಿಂಚಣಿ ಬಂದಾಗ ಬಿಡಿಸಿ ಕೊಡುವರು. ಇಂಗ್ಲಿಷಿನಲ್ಲಿ ಮಗ ಹಿಂದೆ ಬೀಳಬಾರದೆಂದು ಹೊವಾರ್ಡನ ಪಾಠಪುಸ್ತಕಗಳನ್ನೂ ತರ್ಖಡ್ಕರರ ಭಾಷಾಂತರ ಪಾಠಗಳನ್ನೂ ಬಾಯಿಪಾಠ ಮಾಡಿಸಿದ್ದೂ ಅವರೇ.

ಚರ್ನಿ ರೋಡಿನ ಉದ್ಯಾನದಲ್ಲಿ ಶಾಲೆ ಬಿಟ್ಟ ಮೇಲೆ ಒಬ್ಬನೇ ಕೂತು ಓದುತ್ತಿದ್ದ ಹುಡುಗನನ್ನು ಗಮನಿಸಿದವರು ಕೃಷ್ಣಾಜಿ ಅರ್ಜುನ ಕೇಳುಸ್ಕರ್. ಅವರೂ ಮೇಷ್ಟ್ರೇ. ಹತ್ತಿರ ಹೋಗಿ ಮಾತಾಡಿಸಿದರು, ಪುಸ್ತಕ ಕೊಡಲು ಶುರು ಮಾಡಿದರು. ಭೀಮರಾವ್ ಪರೀಕ್ಷೆ ಪಾಸಾದಾಗ ಸಮಾಜದವರು ಸಭೆ ಮಾಡಬೇಕೆಂದರು. ಮಗನ ತಲೆ ತಿರುಗೀತೆಂದು ರಾಮಜಿಗೆ ಇಷ್ಟವಿರಲಿಲ್ಲ. ಕೇಳುಸ್ಕರರೇ ಒಪ್ಪಿಸಿದರು. ಸಭೆಯಲ್ಲಿ ತಾವು ಮರಾಠಿಯಲ್ಲಿ ಬರೆದ ಗೌತಮ ಬುದ್ಧರ ಚರಿತ್ರೆಯನ್ನು ಹುಡುಗನ ಕೈಗಿಟ್ಟರು. ಆ ಪುಸ್ತಕ ಓದಿದ ಹುಡುಗ, ಇಷ್ಟು ದಿನ ಬುದ್ಧರ ಬಗ್ಗೆ ಯಾಕೆ ಓದಿಸಲಿಲ್ಲ ಎಂದು ಅಪ್ಪನನ್ನೇ ಪ್ರಶ್ನೆ ಮಾಡಿದ. ನಾವೆಲ್ಲ ಇವತ್ತು ಈ ಗ್ರೂಪಿನಲ್ಲಿ ಇರುವುದು ಆ ಒಂದು ಪುಸ್ತಕದ ದೆಸೆಯಿಂದ ಎನ್ನಬಹುದು. 1956ರ ಅಕ್ಟೋಬರ್ 14ರ ನಾಗಪುರದ ದೀಕ್ಷೆಯ ಬೀಜ ಅದು.

ರಾಮಜಿ ಅಲ್ಲಿಯವರೆಗೆ ಇರಲಿಲ್ಲ. 1913ರ ಫೆಬ್ರವರಿಯಲ್ಲಿ ತೀರಿಕೊಂಡರು. ಬರೋಡಾದಿಂದ ತಂತಿ ಸಿಕ್ಕಿ ಓಡಿ ಬರುತ್ತಿದ್ದ ಮಗ, ಅಪ್ಪನಿಗೆಂದು ಮಿಠಾಯಿ ಕೊಳ್ಳಲು ಸೂರತ್ ಸ್ಟೇಷನ್ನಿನಲ್ಲಿ ಇಳಿದು ರೈಲು ತಪ್ಪಿಸಿಕೊಂಡ. ಮುಟ್ಟಿದಾಗ ಕೊನೆಯ ಘಳಿಗೆ. ಅಪ್ಪ ಮಗನ ಬೆನ್ನ ಮೇಲೆ ಕೈಯಾಡಿಸಿ ಕಣ್ಣು ಮುಚ್ಚಿದರು. ಅದೇ ವರ್ಷ ಮಗ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೊರಟ.

ಮುಂದಿನದು ನಿಮಗೆ ಗೊತ್ತು. ಎರಡೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದ ಮೇಲೆ 1925ರಲ್ಲಿ ಮಕ್ಕಳಿಗೆ ಹಾಸ್ಟೆಲ್ ತೆರೆದದ್ದು ನಮ್ಮ ಪಕ್ಕದ ಸೊಲ್ಲಾಪುರದಲ್ಲಿ. ಓದುವ ಮಗುವಿಗೆ ಮೊದಲು ಬೇಕಾದದ್ದು ಹೆದರದೆ ಮಲಗುವ, ಉಣ್ಣುವ ಜಾಗ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಎತ್ತಿದ ಕೈ, ಸಾತಾರಾದಲ್ಲಿ ಜವಾನನಿಗಾಗಿ ಕಾದ ಅದೇ ಕೈ. ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆಗಳ ಮಾತು ಬರುವುದನ್ನು ಓದಿದಾಗಲೆಲ್ಲ ನನಗೆ ಆ ನಲ್ಲಿ ಕಾಣುತ್ತದೆ.

ಇಷ್ಟು ಓದಿದ ಮೇಲೆ ನನಗೆ ನನ್ನ ಆ ಕ್ಷಾಂತಿಯ ಪಾಠದ ಬಗ್ಗೆ ನಾಚಿಕೆಯಾಯಿತು. ಕ್ಷಾಂತಿ ನಾನು ರೂಢಿಸಿಕೊಳ್ಳಬೇಕಾದ ಗುಣ. ಹನ್ನೊಂದು ವರ್ಷದ ಮಗುವಿನಿಂದ ವಸೂಲಿ ಮಾಡಬೇಕಾದ ಸಾಲವಲ್ಲ. ವಿನಯಪಿಟಕದಲ್ಲಿ ರಾಹುಲನ ಪ್ರವ್ರಜ್ಯೆಯ ಪ್ರಸಂಗವಿದೆ. ಏಳು ವರ್ಷದ ಮೊಮ್ಮಗನಿಗೆ ತಮ್ಮನ್ನು ಕೇಳದೆ ಪ್ರವ್ರಜ್ಯೆ ಕೊಟ್ಟದ್ದಕ್ಕೆ ನೊಂದ ಶುದ್ಧೋದನ ಮಹಾರಾಜ ಭಗವಾನರ ಬಳಿ ಬಂದು, ಈ ನೋವು ಚರ್ಮ, ಮಾಂಸ ದಾಟಿ ಮೂಳೆಯ ಮಜ್ಜೆಯವರೆಗೆ ಇಳಿಯುತ್ತದೆ ಎಂದು ಹೇಳಿಕೊಂಡರು. ಭಗವಾನರು ಮುದುಕನಿಗೆ ಸಹನೆಯ ಉಪದೇಶ ಮಾಡಿ ಕಳಿಸಲಿಲ್ಲ. ತಂದೆತಾಯಿಯ ಒಪ್ಪಿಗೆಯಿಲ್ಲದೆ ಮಗುವಿಗೆ ಪ್ರವ್ರಜ್ಯೆ ಕೊಡಬಾರದೆಂದು ಸಂಘಕ್ಕೆ ಹೊಸ ನಿಯಮ ಮಾಡಿದರು. ನೋವು ತಂದವನ ಮನಸ್ಸನ್ನು ತಿದ್ದಲು ಹೋಗದೆ ಸಂಘದ ನಡೆಯನ್ನೇ ತಿದ್ದಿದರು. ಈ ಪ್ರಸಂಗವನ್ನು ನಾನು ಇಪ್ಪತ್ತು ಸಲವಾದರೂ ಓದಿದ್ದೆ, ಪ್ರವಚನದಲ್ಲಿ ಹೇಳಿಯೂ ಇದ್ದೆ.

ಆ ಶನಿವಾರ ಮನೆಗೆ ಹೋದಾಗ ಪಾಠ ಮಾಡಲಿಲ್ಲ. ಹೊಲದ ಕಡೆ ಮಗಳ ಜೊತೆ ನಡೆದೆ. ತೊಗರಿ ಹೂವಿಗೆ ಬಂದಿತ್ತು. ಎದುರುಬದುರು ಕೂರಿಸಿ ಕೇಳಿದರೆ ಮಕ್ಕಳು ಬಾಯಿ ಬಿಡುವುದಿಲ್ಲ, ಪಕ್ಕದಲ್ಲಿ ನಡೆದರೆ ತಾವಾಗಿ ಹೇಳುತ್ತಾರೆ. ಬಹಳ ಹೊತ್ತಿನ ನಂತರ ಹೇಳಿದಳು. ನಾನು ನಡುವೆ ಬಾಯಿ ಹಾಕಲಿಲ್ಲ. ನಿನ್ನ ತಪ್ಪಿಲ್ಲ, ನಾನು ಅವತ್ತು ಹೇಳಿದ್ದು ತಪ್ಪು ಎಂದೆ. ಏನು ಮಾಡಿದರೆ ಆಗಬಹುದು ಎಂದು ಅವಳನ್ನೇ ಕೇಳಿದೆ. ಆ ಹುಡುಗಿಯರ ಮನೆಗೆ ಹೋಗಬೇಡ ಎಂದಳು. ಅದನ್ನು ಒಪ್ಪಿದೆ. ಮೂರು ದಿನ ರಜೆ ಹಾಕಿದೆ. ಯಾವ ದಿನ, ಎಲ್ಲಿ, ಏನಾಯಿತು ಎಂದು ಇಬ್ಬರೂ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು.

ಶಾಲೆಯಲ್ಲಿ ಮೊದಲು ಹೇಳಿದ್ದು ಮಕ್ಕಳಾಟಿಕೆ ಎಂದೇ. ಮೇಷ್ಟರಾಗಿ ನಾನೂ ಎಷ್ಟೋ ಪಾಲಕರಿಗೆ ಅದೇ ಮಾತು ಹೇಳಿ ಕಳಿಸಿದ್ದೆನಾದ್ದರಿಂದ ಸಿಟ್ಟು ಮಾಡಲು ಮುಖವಿರಲಿಲ್ಲ. ತಾರೀಖು ಬರೆದ ನೋಟ್‌ಬುಕ್ ಮೇಜಿನ ಮೇಲಿಟ್ಟೆ. ಎರಡು ಬೇಡಿಕೆ ಮಾತ್ರ ಇಟ್ಟೆ. ಕೂರುವ ಜಾಗ ವಾರಕ್ಕೊಮ್ಮೆ ಎಲ್ಲರಿಗೂ ಬದಲಾಗಲಿ. ಊಟದ ಹೊತ್ತಿನಲ್ಲಿ ಒಬ್ಬ ಶಿಕ್ಷಕರು ಕ್ಲಾಸಿನಲ್ಲೇ ಇರಲಿ. ಅರ್ಜಿಯನ್ನು ಲಿಖಿತವಾಗಿ ಕೊಟ್ಟು, ಸ್ವೀಕೃತಿ ಪಡೆದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ ಎಂದು ಅದರಲ್ಲಿ ಬರೆದಿದ್ದೆ. ಹದಿನೈದು ದಿನದ ನಂತರ ಮತ್ತೆ ಹೋದೆ. ಆಮೇಲೆ ಜಾಗ ಬದಲಾಯಿತು.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾಲ್ವರಲ್ಲಿ ಇಬ್ಬರು ಕೊನೆಯವರೆಗೂ ಮಾತಾಡಲಿಲ್ಲ. ಹೊಸ ಬೆಂಚಿನಲ್ಲಿ ಪಕ್ಕಕ್ಕೆ ಬಂದ ಒಬ್ಬ ಹುಡುಗಿ ಗೆಳತಿಯಾದಳು. ಅಷ್ಟರಿಂದಲೇ ಬಹಳ ಬದಲಾಯಿತು. ಸೋಮವಾರದ ಹೊಟ್ಟೆನೋವು ನಿಂತಿತು. ಮರುವರ್ಷ ನಾನು ವರ್ಗಾವಣೆ ಕೇಳಿ ಆಳಂದ ತಾಲೂಕಿಗೆ ಬಂದೆ.

ಆದ್ದರಿಂದ ಅಫಜಲಪುರದ ತಂಗಿ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಮೈತ್ರಿ ಭಾವನೆ ಬಿಡಬೇಡಿ, ಆದರೆ ಅದನ್ನು ಮೊದಲು ನೀವು ಮಾಡಿ. ಶಾಲೆಗೆ ಹೋದಾಗ ನಿಮ್ಮ ದನಿ ನಡುಗದಿರಲು, ಆ ಹುಡುಗರನ್ನು ಶಪಿಸದಿರಲು ಅದು ಬೇಕಾಗುತ್ತದೆ. ಅವರೂ ಮಕ್ಕಳೇ, ಆ ಮಾತುಗಳನ್ನು ಎಲ್ಲಿಂದಲೋ ಕೇಳಿ ಕಲಿತವರು. ಮಗನಿಗೆ ಸದ್ಯ ಬೇಕಾದದ್ದು ಅವನ ಮಾತನ್ನು ನಂಬುವ ಒಬ್ಬರು. ಕ್ಲಾಸ್ ಟೀಚರ್, ಹೆಡ್ ಮಾಸ್ತರ್, ಶಾಲಾ ಎಸ್‌ಡಿಎಂಸಿ, ಬಿಇಒ ಕಚೇರಿ, ಈ ಕ್ರಮದಲ್ಲಿ ಹೋಗಿ. ಎಲ್ಲ ಕಡೆ ಬರವಣಿಗೆಯಲ್ಲಿ ಕೊಡಿ. ಆ ಅಡ್ಡಹೆಸರು ಜಾತಿಗೆ ಸಂಬಂಧಿಸಿದ್ದಾದರೆ ಅದನ್ನು ಹಾಗೆಯೇ ಬರೆಯಿರಿ, ಮುಚ್ಚಬೇಡಿ. ಮಗು ಊಟ ಬಿಟ್ಟರೆ, ಬದುಕು ಬೇಡವೆಂಬ ಮಾತಾಡಿದರೆ ಒಂದು ದಿನವೂ ಕಾಯದೆ ಜಿಲ್ಲಾ ಆಸ್ಪತ್ರೆಯ ವೈದ್ಯರಿಗೆ ತೋರಿಸಿ, 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಈ ತಿಂಗಳು ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆಗಳೂ ಶುರುವಾಗುತ್ತವೆ, ಅಲ್ಲಿ ಮಕ್ಕಳೇ ಎದ್ದು ಹೇಳಬಹುದು. ನಿಮ್ಮ ಮಗ ಹೇಳದಿದ್ದರೂ ಪರವಾಗಿಲ್ಲ, ಒತ್ತಾಯ ಬೇಡ.

ಮತ್ತೆ ಈ ಗ್ರೂಪಿನಲ್ಲಿ ನನ್ನಂಥ ಮೇಷ್ಟ್ರುಗಳು ಹನ್ನೆರಡು ಜನ ಇದ್ದೇವೆ. ನಾಳೆ ನಮ್ಮ ನಮ್ಮ ಕ್ಲಾಸಿನಲ್ಲಿ ಊಟದ ಹೊತ್ತಿಗೆ ಯಾರ ಪಕ್ಕದ ಜಾಗ ಖಾಲಿ ಇರುತ್ತದೆ ಎಂದು ನೋಡೋಣ.

ಈ ಭಾನುವಾರದ ಓದು ಅಫಜಲಪುರದಲ್ಲಿ, ಬೆಳಿಗ್ಗೆ 10ಕ್ಕೆ. ರಾಹುಲನಿಗೆ ಭಗವಾನರು ಹೇಳಿಕೊಟ್ಟ ಅಂಬಲಟ್ಠಿಕ ಸುತ್ತವನ್ನು ಎತ್ತಿಕೊಳ್ಳೋಣ. ಆಳಂದದಿಂದ ನಾವು ಐದು ಜನ ಬರುತ್ತೇವೆ, ಜೇವರ್ಗಿಯವರು ತಮ್ಮ ಬುತ್ತಿ ತಾವೇ ತರುವುದಾಗಿ ಹೇಳಿದ್ದಾರೆ. ತಂಗಿ, ಮಗನನ್ನು ಕರೆದುಕೊಂಡು ಬನ್ನಿ. ನನ್ನ ಮಗಳು ಈಗ ಕಲಬುರಗಿಯಲ್ಲಿ ಡಿಗ್ರಿ ಓದುತ್ತಿದ್ದಾಳೆ, ಅವಳೂ ಬರುತ್ತಾಳೆ. ಇದನ್ನು ಕಳಿಸುವ ಮೊದಲು ಅವಳಿಗೆ ಓದಿ ತೋರಿಸಿ ಒಪ್ಪಿಗೆ ಕೇಳಿದೆ. ಬಾಟಲಿಯ ವಿಷಯ ಇರಲಿ ಅಂದಳು. ಆ ಹುಡುಗನ ಜೊತೆ ನಾನು ಸ್ವಲ್ಪ ಮಾತಾಡುತ್ತೇನೆ, ಆಗ ದೊಡ್ಡವರು ಯಾರೂ ಹತ್ತಿರ ಬರಬೇಡಿ, ನೀನೂ ಬರಬೇಡ ಅಂದಳು.